ಮೂರು ಕೈಯ ಉಪ್ಪು

ಶನಿವಾರ. ಕುಷ್ಟಗಿ ಬಸ್ಸು ಧೂಳೆಬ್ಬಿಸಿ ಹೋದ ಮೇಲೆ
ಹಾಜರಿ ಕೂಗಿದೆ.
ಎರಡನೇ ಕ್ಲಾಸಿನ ಹದಿನೇಳೂ ಮಂದಿ ಬಂದಿದ್ದರು,
ಕಿವಿ ಸೋರುವ ಗವಿಸಿದ್ದ ಕೂಡ,
ಕಿವಿಯಲ್ಲಿ ಹತ್ತಿ, ಕೈಯಲ್ಲಿ ಸೌಟು.

ರಾಶಿ ಮುಗಿದು ಹೊಸ ಜೋಳ ಮನೆ ಸೇರಿತ್ತು.
"ಒಬ್ಬೊಬ್ಬರು ಒಂದೊಂದು ಹಿಡಿ ತರ್ರಿ" ಅಂದಿದ್ದೆ.
ಯಾರ ಹಿಡಿ ಅಂತ ಹೇಳಿರಲಿಲ್ಲ.
ಹುಸೇನಬಿ ತಂದದ್ದು ಅವಳಜ್ಜನ ಹಿಡಿ,
ಟವೆಲ್ಲಿನ ಗಂಟು ಬಿಚ್ಚಿದರೆ ಮೊರ ತುಂಬಿತು.
ಚನ್ನಬಸವನದು ಅವನದೇ ಹಿಡಿ,
ಅದರಲ್ಲೂ ದಾರಿಯ ಕೋಳಿಗಳಿಗೆ ಪಾಲು ಕೊಟ್ಟು ಬಂದಿದ್ದ.

ಯಮನೂರ ಕೊನೆಗೆ ಬಂದ.
ಅವನ ಚೀಲದಲ್ಲಿ ಬಿಳಿಜೋಳ, ನಡುನಡುವೆ ಕೆಂಪು ಕಾಳು,
ನಾಲ್ಕು ಕಡಲೆ, ಒಂದು ಸಣ್ಣ ಎರೆಮಣ್ಣಿನ ಹೆಂಟೆ.
"ಯಾರ ಹೊಲದ್ದಲೇ?"
"ಎಲ್ಲಾರ್ದೂ."
ಹಕ್ಕಲಾಯ್ದದ್ದು. ಕೊಯ್ದು ಬಿಟ್ಟ ಹೊಲಗಳಲ್ಲಿ
ಅವ್ವನ ಹಿಂದೆ ಬಗ್ಗಿ ಬಗ್ಗಿ.
"ಇದು ನಿಮ್ದು. ಇದು ಹುಸೇನಬಿದು.
ಈ ಕಡ್ಲಿ ಹಳ್ಳದ ದಂಡ್ಯಾಗಿಂದು."
ಅಂಗೈ ಮೇಲೆ ಒಂದೊಂದೇ ಕಾಳಿನ ವಿಳಾಸ ಹೇಳುತ್ತ ಹೋದ.
ನಾನು ಗೋಡೆಯ ನಕಾಶೆ ನೋಡಿದೆ.
ಅದರಲ್ಲಿ ಇದ್ಯಾವುದೂ ಇರಲಿಲ್ಲ.

ಗಿರಣಿ ಮೌನೇಶ ದುಡ್ಡು ಮುಟ್ಟಲಿಲ್ಲ,
"ನುಚ್ಚೋ ಹಿಟ್ಟೋ?" ಅಂತಷ್ಟೇ ಕೇಳಿದ.
ಹದಿನೇಳು ಬಾಯಿ: ನುಚ್ಚು!
ಹಿಟ್ಟಾದರೆ ರೊಟ್ಟಿ ಬಡಿಯಬೇಕು,
ಅಷ್ಟು ಲೆಕ್ಕ ಅವರಿಗೂ ಬರುತ್ತದೆ.

ಬಿಸಿಯೂಟದ ಹಂಪಮ್ಮನಿಗೆ
ಅವತ್ತು ಸುಮ್ಮನೆ ಕೂಡಬೇಕೆಂದು ಮಕ್ಕಳ ಅಪ್ಪಣೆ.
ಬೇವಿನ ಬುಡದಲ್ಲಿ ಕೂತಳು,
ಕೈ ಮಾತ್ರ ಕೂಡಲಿಲ್ಲ,
ಸೆರಗಿನ ಚುಂಗು ಹೊಸೆಯುತ್ತಲೇ ಇತ್ತು.

ತೊಗರಿ ಕಟ್ಟಿಗೆಯ ಒಲೆ ನಾನೇ ಹೊತ್ತಿಸಿದೆ.
ಹುಡುಗರು ಬೆಂಕಿಯ ಹತ್ತಿರ ಬಂದಾರೆಂದು
ಸುಣ್ಣದಲ್ಲಿ ಸುತ್ತ ಒಂದು ಗೆರೆ.
ಎರಡೇ ನಿಮಿಷ. ಅದರ ಹೊರಗೆ ನಾಲ್ಕು ಚೌಕ ಮೂಡಿ
ಕುಂಟಾಟ ಶುರುವಾಯಿತು.
ಉಳಿದವರು ಪುಂಡಿಪಲ್ಯ ಸೋಸಿದರು, ಬೆಳ್ಳುಳ್ಳಿ ಸುಲಿದರು,
ಶೇಂಗಾ ಬಿಡಿಸಿ ಅರ್ಧ ಬುಟ್ಟಿಗೆ, ಅರ್ಧ ಕಿಸೆಗೆ.

ಹಂಡೆ ಕೆಳಗಿಳಿಸಿದ ಮೇಲೆ ಉಪ್ಪು, ದೇವಮ್ಮನ ಪಾಳಿ.
ಹಾಕಿದಳು. "ಹಾಕೀನಿ" ಅಂದಳು.
ಗವಿಸಿದ್ದನ ಹತ್ತಿಯ ಕಿವಿಗೆ ಅದು
"ಹಾಕ ನೀ" ಅಂತ ಬಿತ್ತು. ಅವನೂ ಹಾಕಿದ.
ಹುಸೇನಬಿ ಯಾರನ್ನೂ ಕೇಳಲಿಲ್ಲ,
ಅವಳ ಮನೆಯಲ್ಲಿ ಉಪ್ಪು ಅವಳ ಖಾತೆ.

ಮೊದಲ ತುತ್ತು.
ಹದಿನೇಳು ಮುಖ ಒಟ್ಟಿಗೆ ಕಿವುಚಿದವು.
ದೇವಮ್ಮ ಅಳತೊಡಗಿದಳು, ಅವಳ ನೋಡಿ ಗವಿಸಿದ್ದ,
ಏನೂ ಮಾಡದ ಚನ್ನಬಸವನೂ.

"ಕೂಡು ಅಂದ್ರ ಎಷ್ಟೊತ್ತಂತ ಕೂಡ್ಲಿ?"
ಹಂಪಮ್ಮ ಎದ್ದು ಬಂದು ಕೊಡದ ನೀರು ಸುರಿದಳು.
"ಮಜ್ಜಿಗಿ ಯಾರ ಮನ್ಯಾಗ ಐತಿ, ಓಡ್ರಿ."
ಆರು ತಂಬಿಗೆ ಹೊರಟವು, ನಾಲ್ಕು ಬಂದವು.
ಎರಡನ್ನು ದಾರಿಯೇ ಕುಡಿದಿತ್ತು.

ನುಚ್ಚು ಅಂಬಲಿಯಾಯಿತು.
ತಾಟಿನಲ್ಲಿ ನಿಲ್ಲದೆ ಲೋಟಕ್ಕಿಳಿಯಿತು.
ಹದಿನೇಳು ಹೊಟ್ಟೆಗೆಂದು ಮಾಡಿದ್ದು
ಹಂಡೆಯ ಕಂಠ ಮುಟ್ಟಿತು.
ಕಂಬದ ಮೇಲಿದ್ದ ಲೈನ್‌ಮನ್ ಇಳಿದು ಬಂದ.
ಕುರಿ ಬಿಟ್ಟು ಇಬ್ಬರು ಬಂದರು, ಆಮೇಲೆ ಕುರಿಗಳೂ.
ಹುಬ್ಬಿಗೆ ಹಿಟ್ಟು ಹತ್ತಿದ್ದ ಹಾಗೇ ಮೌನೇಶ.

ಗೇಟಿನಾಚೆ ಯಮನೂರನ ಅವ್ವ ನಿಂತಿದ್ದಳು,
ಮಗನನ್ನು ಕರೆಯಲು ಬಂದವಳ ಹಾಗೆ.
"ಬಾರಬೇ, ನಾವು ಆಯ್ದದ್ದೂ ಐತಿ ಇದ್ರಾಗ"
ಅಂತ ಕೈ ಹಿಡಿದು ಜಗ್ಗಿದ.
ಚಪ್ಪಲಿ ಬಿಟ್ಟಳು. ಅಂಗಳ ದಾಟಿದಳು.
ಸುಣ್ಣದ ಗೆರೆ ಕಂಡು
ನಿಂತೇಬಿಟ್ಟಳು.

ಎಳೆದವಳು ನಾನು. ನನ್ನ ಬಾಯಿ ಒಣಗಿತು.
ಆರಿದ ಒಲೆಗೆ ಇನ್ನೂ ಯಾಕೆ ಗೆರೆ,
ಕಾಲಿನಿಂದಾದರೂ ಒರೆಸಬೇಕಿತ್ತು.

"ಆಟದ್ದಬೇ ಅದು!" ಅಂದಳು ದೇವಮ್ಮ, ಮೂಗೊರೆಸಿಕೊಳ್ಳುತ್ತ,
"ಒಂಟಿಗಾಲಿಲೆ ಜಿಗದು ಬರಬೇಕು."
ಆಕೆ ನನ್ನತ್ತ ನೋಡಿದಳು, ಹಂಪಮ್ಮನತ್ತ ನೋಡಿದಳು,
ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ
ಜಿಗಿದೇಬಿಟ್ಟಳು.
ಹುಡುಗರ ಕೇಕೆಗೆ ಬೇವಿನ ಕಾಗೆ ಹಾರಿತು.

ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ,
ಬಾಯೊರೆಸಿಕೊಂಡು, ಸ್ವಲ್ಪ ಯೋಚಿಸಿ ಅಂದಳು:
"ಉಪ್ಪು ಒಂಚೂರು ಕಡಿಮಿ ಆತು."

ಮೂವರು ಒಟ್ಟಿಗೇ ಎದ್ದರು.