ಕನ್ನಡಕ್ಕ ಮೂರು

ಸೊಲ್ಲಾಪುರದಾಗ, ಅಕ್ಕಲಕೋಟ ರೋಡಿಗೆ ಹೊಂದಿದ
ನಮ್ಮ ಟವೆಲ್ ಕಾರ್ಖಾನೆಯ ಗೋದಾಮಿನ್ಯಾಗ
ಚಾದರದ ಗಂಟು ಆಳೆತ್ತರ ಒಟ್ಟಿ
ನಡುವ ಒಂದು ಸ್ಟೂಲ್ ಇಟ್ಟರು.
ಚಾದರ ದನಿ ನುಂಗತದಂತ.
ಪುಣೆಯಿಂದ ಬಂದ ಪರಾಗ ಎರಡು ಸಲ ಚಪ್ಪಾಳಿ ಬಡದು
ಗ್ವಾಡಿ ತಿರುಗಿ ಏನೂ ಅನ್ನದ್ದಕ್ಕ ಖುಷಿಯಾದ.

ಮರಾಠಿಗೆ ಒಂದು, ಹಿಂದಿಗೆ ಎರಡು,
ಕನ್ನಡಕ್ಕ ಮೂರು, ತೆಲುಗಿಗೆ ನಾಕು.
ನರಸಯ್ಯ ಶೇಠನ ಮನಿಮಾತೇ ತೆಲುಗು,
ತನ್ನದನ್ನ ಕಡೀಗೆ ಇಟ್ಟದ್ದು ದೊಡ್ಡತನ ಅಂದ್ರು ಎಲ್ಲಾರೂ.
ದೊಡ್ಡತನ ಏನಲ್ಲ,
ಇಂಡಿ, ಆಳಂದ, ಅಫಜಲಪುರದ ಗಿರಾಕಿ ಹೆಚ್ಚು.

ಮರಾಠಿಗೆ ಕಾಲೇಜಿನ ಹುಡುಗಿ ಬಂದಳು,
ಮೇ ತಿಂಗಳದಾಗ ಗಂಟಲಿಗೆ ಮಫ್ಲರ್ ಸುತ್ತಿ.
ಕನ್ನಡಕ್ಕ ಯಾರು ಅಂದಾಗ
ಅಂಚು ಹೊಲಿಯೋ ಸಾಲಿನಿಂದ ನನ್ನ ಎಬ್ಬಿಸಿದರು.
ನಲವತ್ತು ಮಗ್ಗದ ಸಪ್ಪಳದ ಮ್ಯಾಲೆ
"ಚಾ ಬಂತೂ" ಅಂದ್ರ ಗೇಟಿನತನಕ ಕೇಳತದ,
ಅದೇ ನನ್ನ ಡಿಗ್ರಿ.

ಕೈಯಾಗ ಕಾಗದ ಕೊಟ್ಟರು.
ನಾ ಕಲಿತದ್ದು ಮರಾಠಿ ಸಾಲಿ.
ನನ್ನ ಕನ್ನಡ ಕಿವ್ಯಾಗ ಅದ, ಕಣ್ಣಿಗೆ ಇನ್ನೂ ಇಳದಿಲ್ಲ.
ಪ್ಯಾಕಿಂಗಿನ ಶರಣಪ್ಪ ಒಂದೊಂದೇ ಸಾಲು ಓದಿದ,
ನಾನು ಹಳೇ ಬಿಲ್ಲಿನ ಹಿಂಬದಿಗೆ
ಬಾಳಬೋಧದಾಗ ಬರಕೊಂಡೆ,
ತಲಿಮ್ಯಾಲೆ ಗೆರಿ ಇಲ್ಲದ ಮಾತಿಗೆ ಗೆರಿ ಎಳಕೋತ.
"ಒತ್ತಿ" ಅನ್ನೂದರ ಒತ್ತು ಎಲ್ಲಿ ಕೂಡಿಸೂದು?
ಕನ್ನಡದಾಗ ಅದು ಕೆಳಗ, ಚಾಪಿ ಮ್ಯಾಲೆ ಕುಂತಂಗ ಕುಂತಿರತದಂತ.
ನಾ ಮಗ್ಗಲಿಗೆ ನಿಲ್ಲಿಸಿದೆ.

"ನಿಮ್ಮ ಕರೆಯು ನಮಗೆ ಅತ್ಯಮೂಲ್ಯವಾಗಿದೆ.
ನಮ್ಮ ಎಲ್ಲಾ ಪ್ರತಿನಿಧಿಗಳು ಕಾರ್ಯನಿರತರಾಗಿದ್ದಾರೆ."
ಕಾರ್ಯನಿರತ ಏಳು ಸಲ ಹಾಳಾತು,
ಸಿಕ್ಕುಬಿದ್ದ ನೂಲು ಹರದಂಗ ನಟ್ಟನಡುವ ಹರೀತು.
"ಮಂದಿ ಕೆಲಸದಾಗ ಅದಾರ ಅಂದ್ರ ಸಾಲದೇನ್ರಿ?"
ಶರಣಪ್ಪ ಕಾಗದ ನೋಡಿದ,
ಪರಾಗ ಗಡಿಯಾರ ನೋಡಿದ.

ಚಾದರ ಎಷ್ಟು ನುಂಗಿದ್ರೂ ಮಗ್ಗ ಕೇಳತಿದ್ದವು.
ನಿಲ್ಲಿಸಿದರು. ಹತ್ತು ನಿಮಿಷ.
ಮೀಟರಿನ ಲೆಕ್ಕದಾಗ ದುಡಿಯೋ ಗಂಡಸರು
ಬಾಗಲದಾಗ ನಿಂತು ನನ್ನ ನೋಡಿದರು,
ಅವರ ಕೂಲಿ ನನ್ನ ಬಾಯಾಗ ಇದ್ದಂಗ.
ಒಂದು ಮಾತು ಮುಗದ ಮ್ಯಾಲೆ ಎರಡು ಎಣಿಸೂತನಕ
ಸುಮ್ಮನಿರಬೇಕು ಅಂದಿದ್ದ ಪರಾಗ.
ಹದಿನಾಲ್ಕು ವರ್ಷಕ್ಕ ಮೊದಲ ಸಲ
ಆ ಕಟ್ಟಡ ಸುಮ್ಮನಿರೂದು ಕೇಳಿದೆ.
ಪತ್ರಾದ ಮ್ಯಾಲೆ ಪಾರಿವಾಳ ನಡದಾಡಿದವು.
ಯಾರೋ ಕೆಮ್ಮಿದರು.
ಮತ್ತ ಮೊದಲಿಂದ.

ನಡುವ ಶರಣಪ್ಪನ್ನ ಲಾರಿ ತುಂಬಾಕ ಕರದರು.
ಆಗ ನನಗ ಹೊಳೀತು:
ಪರಾಗನಿಗೆ ಕನ್ನಡ ಬರೂದಿಲ್ಲ.
ಪರದೆ ಮ್ಯಾಲೆ ನನ್ನ ದನಿ ಹಸರು ಗೆರಿಯಾಗಿ ಏಳತಿತ್ತು,
ಅಂವ ಗೆರಿ ನೋಡಿ ತಲಿ ಹಾಕತಿದ್ದ.

ಕಡೀ ಸಾಲು, ಊಟದ ಹೊತ್ತಿಂದು.
ಕಾಗದದಾಗ ಇದ್ದದ್ದು, "ದಯವಿಟ್ಟು ನಿರೀಕ್ಷಿಸಿ."
ನಾ ಅಂದದ್ದು,
"ಒಂದೂವರಿಯಿಂದ ಎರಡೂವರಿತನಕ ಇಲ್ಲಿ ಯಾರೂ ಫೋನ್ ಎತ್ತೂದಿಲ್ರಿ.
ಸುಮ್ಮ ಯಾಕ ರೊಕ್ಕ ಕಳೀತೀರಿ,
ಇಡ್ರಿ. ನೀವೂ ಉಂಡು ಬರ್ರಿ."
ಎರಡು ಎಣಿಸಿದೆ.
"ಪರ್ಫೆಕ್ಟ್" ಅಂದ ಪರಾಗ.

ಐನೂರು ರೂಪಾಯಿ, ಒಂದೇ ಸಲಕ್ಕ.
ದನೀನ ಡಜನ್ ಲೆಕ್ಕದಾಗ ಹಿಡಿಯಾಕ ಬರೂದಿಲ್ಲಂತ.

ಈಗ ಶೇಠ ತಿಂಗಳ ಪಟ್ಟಿ ಹಿಡದು ತಲಿ ಕೆರಕೋತಾನ:
ಉಳದ ಮಂದಿ ಹತ್ತತ್ತು ನಿಮಿಷ ಕಾಯ್ತಾರ, ಆಮ್ಯಾಲೆ ಬೈತಾರ.
ಈ ಮೂರು ಒತ್ತಿದವರು ಮಾತ್ರ
ಊಟದ ಹೊತ್ತಿಗೆ ಠಕ್ಕನ ಇಡತಾರ,
ಎರಡೂವರಿ ಹೊಡದ್ರ ಸಾಕು, ಎಲ್ಲಾರೂ ಕೂಡೇ ಹಚ್ಚತಾರ.
"ನಿಮ್ಮ ಮಂದಿ ಯಾಕ ಹಿಂಗ?" ಅಂತ ನನ್ನ ಕೇಳತಾನ.
ನಾ ಟವೆಲಿನ ಅಂಚು ಮಡಚಿ ಸೂಜಿ ಕೆಳಗ ತಳ್ಳತೀನಿ.
ಮಗ್ಗದ ಸಪ್ಪಳ ಭಾಳ, ಕೇಳಸಲಿಲ್ರೀ ಅಂತೀನಿ.