ಹಿಮ ನಿಲ್ಲದ ಜಾಗ

ಹದಿನೇಳು ಸಲ ಹೇಳಿದ್ದೇನೆ ಸಾಹೇಬರೇ,
ಹದಿನೆಂಟನೆಯದನ್ನು ಬರೆದುಕೊಳ್ಳಿ.
ಹೆಸರು ಮ್ಜೆಕಾಲಾ.
ನಮ್ಮ ಜಾರ್ಜಿಯಾದ ಮಾತಿನಲ್ಲಿ ಸೂರ್ಯನ ಹೆಣ್ಣು.
ನಗಬೇಡಿ.

ಗಂಡ ಜುಂಬೆರ್, ಮೈದುನ ಓತಿಯಾ
ಡಿಸೆಂಬರಿನಲ್ಲಿ ಸೌದೆಗೆ ಹೋದವರು.
ಕಣಿವೆಯಾಚೆ ಲಾರಿ ಕೆಟ್ಟಿತು, ಕತ್ತಲಾಯಿತು,
ಫರ್ ಮರಗಳ ಕೆಳಗೆ ಮೊಣಕಾಲುದ್ದ ಹಿಮ.
ಒಂದು ಕಡೆ ಮಾತ್ರ,
ರೊಟ್ಟಿ ಸುಡುವ ಗುಂಡು ಒಲೆಯ ಬಾಯಷ್ಟು ಅಗಲ,
ನೆಲ ಕಪ್ಪಗೆ ಒದ್ದೆಯಾಗಿ ಹಬೆಯಾಡುತ್ತಿತ್ತು.
ನಡುವೆ ಎರಡು ಡಬ್ಬಿ.
ನೋಡಲು ಉಪ್ಪಿನ ಭರಣಿಯಷ್ಟು,
ಎತ್ತಿದರೆ ಕುರಿಮರಿಯ ಭಾರ.

ತಂತಿ ಬಿಗಿದು ಎಳೆದು ತಂದು
ಬೆನ್ನಿಗೆ ಒತ್ತಿಕೊಂಡು ಮಲಗಿದರಂತೆ.
ಅಂಥ ಚಳಿಯಲ್ಲಿ ಬಿಸಿ ಸಿಕ್ಕರೆ
ಅದರ ಕುಲಗೋತ್ರ ಯಾರು ವಿಚಾರಿಸುತ್ತಾರೆ?
ನೀವು ವಿಚಾರಿಸುತ್ತಿದ್ದಿರಾ?

ನಡುರಾತ್ರಿ ವಾಂತಿ.
ಸಾರಾಯಿ ಕೆಟ್ಟಿದೆ ಅಂದುಕೊಂಡರು.
ದ್ರಾಕ್ಷಿ ಹಿಪ್ಪೆಯಿಂದ ನಾನೇ ಭಟ್ಟಿ ಇಳಿಸಿದ್ದು.
ಎರಡು ವಾರ ನನ್ನನ್ನು ನಾನೇ ಶಪಿಸಿಕೊಂಡೆ,
ಉಳಿದದ್ದನ್ನು ಹಿತ್ತಲಿಗೆ ಸುರಿದೆ,
ಒಳ್ಳೆಯ ಸಾರಾಯಿ, ಸಾಹೇಬರೇ.

ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತಿದ್ದಳು ಅಜ್ಜಿ.
ಹೊಗೆಯಾಡದ ಬೆಂಕಿಗೆ ಅವಳ ಬಳಿ ಗಾದೆ ಇರಲಿಲ್ಲ.

ಹದಿನೈದನೆಯ ದಿನ ಓತಿಯಾನ ಅಂಗಿ ಬಿಚ್ಚಿದೆ.
ಅಂಗಿಯ ಜೊತೆ ಬೆನ್ನೂ ಬಂತು.

ಟಿಬಿಲಿಸಿಯ ಡಾಕ್ಟರು ಹೇಳಿದರು: ಸ್ಟ್ರಾಂಷಿಯಂ.
ಹಳೆಯ ಸರಕಾರ ಗುಡ್ಡದ ಮೇಲಿನ ರೇಡಿಯೋ ಕಂಬಕ್ಕೆ
ಕರೆಂಟು ಕೊಡಲು ಇಟ್ಟದ್ದಂತೆ.
ಸರಕಾರ ಹೋಯಿತು,
ಕಂಬ ಗುಜರಿಗೆ ಹೋಯಿತು,
ಇದು ಮಾತ್ರ ಯಾರೂ ಹೇಳದಿದ್ದರೂ
ಕೆಲಸ ಮಾಡುತ್ತಲೇ ಇತ್ತು.

ಮಾರ್ಚಿನಲ್ಲಿ ಓತಿಯಾ ತೀರಿಕೊಂಡ.
ಶವದಿಂದ ಏನೂ ಅಂಟುವುದಿಲ್ಲವೆಂದು
ಡಾಕ್ಟರು ಸಹಿ ಮಾಡಿ ಕೊಟ್ಟಿದ್ದರು, ಮೊಹರು ಸಮೇತ.
ಆ ಕಾಗದ ಹಿಡಿದು ಮನೆಮನೆ ಸುತ್ತಿದೆ.
ಹೊರಲು ನಾಲ್ಕನೆಯ ಹೆಗಲು ಸಿಗಲಿಲ್ಲ.
ನಾನೇ ಹೊತ್ತೆ.

ಆಮೇಲೆ ಯಂತ್ರ ಹಿಡಿದ ಹುಡುಗಿಯೊಬ್ಬಳು ಬಂದಳು,
ಚೀಸಿಗೆ ಹಿಡಿದಳು, ಹಸುವಿನ ಕೆಚ್ಚಲಿಗೆ ಹಿಡಿದಳು,
ಮಗಳು ಲಾಮಾರಾಳ ಕೊರಳಿಗೆ ಹಿಡಿದಳು.
ಯಂತ್ರ ಅಲ್ಲೊಂದು ಇಲ್ಲೊಂದು ಟಿಕ್ ಅಂದಿತು,
ಎಲ್ಲ ಕಲ್ಲೂ ಅಷ್ಟು ಅನ್ನುತ್ತದಂತೆ.
ಆ ಒಂದೆರಡು ಟಿಕ್ ಸಾಕಾಯಿತು ಊರಿಗೆ.
ಸಂತೆಯಲ್ಲಿ ನನ್ನ ಚೀಸು ಬಿಸಿಲಿಗೆ ಬೆವರಿ ಮನೆಗೆ ಮರಳುತ್ತದೆ.
ಬಾವಿಗೆ ಹೋದರೆ ಹೆಂಗಸರು ಹಗ್ಗ ಬಿಟ್ಟು ಸರಿಯುತ್ತಾರೆ.
ಪಕ್ಕದ ಮನೆಯ ಬಸುರಿ ತೌರಿಗೆ ಹೊರಟೇಬಿಟ್ಟಳು,
ಹೋಗುವಾಗ ನಮ್ಮ ಬೇಲಿಯತ್ತ ಮುಖ ತಿರುಗಿಸದೆ.

ಲಾಮಾರಾಳಿಗೆ ಹನ್ನೊಂದು ವರ್ಷ.
ಅಂಗೈ ಬಿರಿಯುವ ತನಕ ಕೈ ತೊಳೆಯುತ್ತಾಳೆ.
ಒಲೆಯ ಹತ್ತಿರ ಸುಳಿಯುವುದಿಲ್ಲ,
ಹಾಲು ಆರಿದ ಮೇಲೆಯೇ ಕುಡಿಯುತ್ತಾಳೆ.
ಮೊನ್ನೆ ಜ್ವರವೆಂದು ತಬ್ಬಿಕೊಂಡೆ:
ಅಮ್ಮಾ ನೀನು ಬಿಸಿ ಇದ್ದೀಯ, ಬಿಡು, ಅಂತ ಚೀರಿದಳು.

ಇದನ್ನು ಬರೆದುಕೊಂಡಿರಾ?

ಸರಿ, ನಿಮ್ಮ ಪ್ರಶ್ನೆಗೆ ಬರುತ್ತೇನೆ.
ಹೌದು, ಒಬ್ಬ ಬಂದಿದ್ದ. ಚರ್ಮದ ಕೋಟು, ಬತುಮಿ ಕಡೆಯ ಕಾರು.
ಸೈನ್ಯ ಒಯ್ದದ್ದು ಒಂದೇ ಡಬ್ಬಿಯಲ್ಲವೇ,
ಇನ್ನೊಂದೆಲ್ಲಿ ಎಂದು ಕೇಳಿದ, ಮೇಜಿನ ಮೇಲೆ ಡಾಲರು ಇಟ್ಟ.
ಜುಂಬೆರ್ ಬೋರಲು ಮಲಗಿದ್ದ, ಮಾತಾಡಲಿಲ್ಲ.
ಹೊದಿಕೆ ಸರಿಸಿ ಅವನ ಬೆನ್ನು ತೋರಿಸಿದೆ.
ಡಾಲರು ಎತ್ತಿಕೊಳ್ಳುವುದನ್ನೂ ಮರೆತು ಹೋದ.
ಅದರಲ್ಲಿ ಔಷಧ ತಂದೆ, ಬೇಕಾದರೆ ಕೇಸು ಹಾಕಿ.

ಅಂಥದ್ದಕ್ಕೆ ಸಿಡಿಮದ್ದು ಕಟ್ಟಿ
ಪೇಟೆ ನಡುವೆ ಸಿಡಿಸಿದರೆ ಏನಾಗುತ್ತದೆ ಗೊತ್ತೇ
ಎಂದು ಕೇಳುತ್ತೀರಿ ನೀವು, ಮೇಜು ಕುಟ್ಟಿ.
ಗೊತ್ತು ಸಾಹೇಬರೇ.
ನಮ್ಮೂರಲ್ಲಿ ಏನೂ ಸಿಡಿಯಲಿಲ್ಲ.

ಎರಡನೆಯದು ಎಲ್ಲಿದೆಯೋ ಕಾಣೆ.
ಆ ರಾತ್ರಿ ಇಳಿಜಾರಿನಲ್ಲಿ ಉರುಳಿತಂತೆ.
ನವೆಂಬರು ಬರಲಿ, ಮೊದಲ ಹಿಮ ಬೀಳಲಿ,
ಆಗ ಬಂದು ಬೆಟ್ಟ ನೋಡಿ,
ಎಲ್ಲಿ ನಿಲ್ಲುವುದಿಲ್ಲವೋ ನೋಡಿ.

ಲಾಮಾರಾ ಈಗಲೇ ಕಿಟಕಿಯಲ್ಲಿ ಕೂತಿದ್ದಾಳೆ,
ನಮ್ಮ ಅಂಗಳದಲ್ಲಿ ನಿಲ್ಲುತ್ತದೋ ಎಂದು.