ಕೈಬಿಗಿ ಸಾಕು

ಎಲೆಕ್ಷನ್ ಮುಗಿದ ಮೇಲೆ
ಠಾಣೆಯಿಂದ ಕೋವಿ ಬಿಡಿಸಿಕೊಂಡು
ಸೀದಾ ನನ್ನ ಅಂಗಡಿಗೇ ಬಂದರು
ಪಿ.ಟಿ. ಟೀಚರ್ ಕೊಟ್ರಮ್ಮ.
ಎರಡೂವರೆ ತಿಂಗಳು ಸ್ಟೋರ್ ರೂಮಿನ ಮೂಲೆಯಲ್ಲಿ
ಕೊರಳಿಗೆ ಚೀಟಿ ಕಟ್ಟಿಸಿಕೊಂಡು
ಯಾರ್ಯಾರದೋ ಕೋವಿಗಳ ಹೆಗಲಿಗೊರಗಿ ನಿಂತಿತ್ತಂತೆ.
"ಚೋಕು ತಿರುಗವಲ್ದು ಮಾಸ್ತರೆ.
ಭಾನುವಾರ ಮಣ್ಣಿನ ತಟ್ಟೆ ಹೊಡೆಯೋಕೆ ಹೋಗಬೇಕು."

ಮೊದಲು ಕೋವಿ ಬಿಚ್ಚಿ ನೋಡಿದೆ. ಖಾಲಿ.
ತಿಪ್ಪೇಶನ ಕೈಗೆ ಕೊಟ್ಟೆ, ನೀನೂ ನೋಡು.
ಖಾಲಿ.
ಆಮೇಲೆ ನಳಿಗೆಯ ಬಾಯಿಗೆ ಬಂದೆ.
ಅಂಚಿನ ಎರಡು ಕಚ್ಚುಗಳಲ್ಲಿ
ಒಂದು ಆಗಲೇ ಸೊಟ್ಟ.
"ಇಕ್ಕಳ ಹಾಕಿದ್ಯಾರು?"
ಟೀಚರ್ ಗೋಡೆಯ ಕ್ಯಾಲೆಂಡರ್ ಓದತೊಡಗಿದರು,
ಅದು ಹೋದ ವರ್ಷದ್ದು.

ನಮ್ಮ ಹಿತ್ತಲಾಚೆ ಮಂಡಕ್ಕಿ ಭಟ್ಟಿ.
ಬೆಳಿಗ್ಗೆ ಒರೆಸಿದ ಲೇತಿನ ಮೇಲೆ
ಮಧ್ಯಾಹ್ನಕ್ಕೆ ಹೆಸರು ಬರೆಯಬಹುದು.
ಮಸಿಗೆ ಬಾಗಿಲು ಬೇಕಿಲ್ಲ, ಸಂದು ಸಾಕು.
ಕೂದಲೆಳೆ ಸಂದಿನಲ್ಲಿ ಕೂತು
ತೇವ ಕುಡಿದು
ಕಬ್ಬಿಣಕ್ಕೆ ಕಬ್ಬಿಣವನ್ನು ಕಚ್ಚಿಸುತ್ತದೆ.

ಬುಡೇನ್ ಸಾಬರು ಹತ್ತಿ ಮಿಲ್ಲಿನ ಫಿಟ್ಟರು.
ಮಿಲ್ಲು ನಿಂತ ಮೇಲೆ ಈ ಅಂಗಡಿ, ಈ ಲೈಸೆನ್ಸು,
ಈ ಮುಕ್ಕಾದ ಸ್ಟೂಲು.
ಹೇಳುತ್ತಿದ್ದರು:
ದಾರಕ್ಕೂ ಎಳೆ, ತಿರುಪಿಗೂ ಎಳೆ.
ದಾರದ್ದು ಹರಿದರೆ ಗಂಟು ಹಾಕ್ತೀಯ,
ತಿರುಪಿನದು ಹರಿದರೆ
ಏನು ಹಾಕ್ತೀಯೋ ಮಗನೆ?
ಗಿರಾಕಿ ಎಷ್ಟೇ ಅವಸರ ಮಾಡಲಿ,
ಸುತ್ತಿಗೆ ಮಾತ್ರ ಅವರ ಕೈಗೆ ಬರುತ್ತಿರಲಿಲ್ಲ.

ಎಣ್ಣೆಯ ಡಬ್ಬಿಗೆ ಬಾಯಿ ಕೆಳಗಾಗಿ ಇಳಿಸಿದೆವು.
ಶುಕ್ರವಾರ ರಾತ್ರಿ.
ಶನಿವಾರ ಕೀಲಿ ಹಾಕಿ ನೋಡಿದರೆ ಇಲ್ಲ.
ಭಾನುವಾರ ಕೊಂಡಜ್ಜಿ ಕಡೆಯ ಬಯಲಲ್ಲಿ
ತಟ್ಟೆಗಳು ಹಾರಿದವು, ಟೀಚರ್ ಇರಲಿಲ್ಲ.
ನನ್ನ ಸ್ಟೂಲಿನ ಮೇಲೆ ಕೂತು
ಮಿರ್ಚಿಯ ಎಣ್ಣೆ ಕಾಗದವನ್ನು
ನಾಲ್ಕು ಮಡಿಕೆ, ಎಂಟು ಮಡಿಕೆ ಮಾಡುತ್ತಿದ್ದರು.
ಬಿಸಿಬಟ್ಟೆ ಸುತ್ತಿದೆ, ಬಿಚ್ಚಿದೆ, ಸುತ್ತಿದೆ.
ಸೋಮವಾರ, ಅಂಗಡಿಗೆ ಹಾಲಿನವನು ಬರುವ ಹೊತ್ತು,
ಕಿರ್ ಎಂದಿತು.
ಹಾಲಿನವನೂ ನಿಂತ.

ಹೊರಬಂದ ಕೊಳವೆಯ ಎಳೆಯಲ್ಲಿ
ಮಸಿ, ತುಕ್ಕು, ತೋಟೆಯ ಕರಗಿದ ಪ್ಲಾಸ್ಟಿಕ್ಕು.
ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತ ಹೇಳಿದೆ:
ಹೊಡೆದು ಬಂದ ದಿನವೇ ಬಿಚ್ಚಿ ಟೀಚರ್, ನಾಳೆ ಅನ್ನಬೇಡಿ.
ಕೊಳವೆಯ ಎಳೆ ಒರೆಸಿ, ನಳಿಗೆಯೊಳಗಿನದನ್ನೂ.
ಗ್ರೀಸು ಹಚ್ಚಿ, ಕಣ್ಣಿಗೆ ಕಾಡಿಗೆ ಹಚ್ಚಿದಷ್ಟು,
ದೋಸೆಗೆ ಬೆಣ್ಣೆ ಹಾಕಿದಂತಲ್ಲ.
ಚೋಕಿಲ್ಲದೆ ಒಂದು ತೋಟೆಯನ್ನೂ ಹಾರಿಸಬೇಡಿ,
ಬೋಳು ಎಳೆ ಬೆಂಕಿಗೆ ಸಿಕ್ಕೀತು.
ಪೂರ್ತಿ ಕೂರುವ ತನಕ ತಿರುಗಿಸಿ,
ಕೀಲಿಯಿಂದ ಹಿಂಡಬೇಡಿ. ಕೈಬಿಗಿ ಸಾಕು.
ನಡುನಡುವೆ ಕೋವಿ ಖಾಲಿ ಮಾಡಿ,
ಸಡಿಲಾಯಿತೇನೋ ಮುಟ್ಟಿ ನೋಡಿ.
ಠಾಣೆಗೆ ಕೊಡುವ ಹಿಂದಿನ ದಿನ
ಹೊಸ ಗ್ರೀಸು. ಮರೆಯಬೇಡಿ.

ಅವರು ಅಂಗೈಯಲ್ಲಿ ಬರೆದುಕೊಂಡರು,
ಕಾಪಿ ಹೊಡೆಯುವ ಹುಡುಗಿಯ ಹಾಗೆ.
ಸೊಟ್ಟ ಚೋಕನ್ನು ಎಸೆಯಲು ಬಿಡಲಿಲ್ಲ,
ಸೀಟಿಯ ದಾರಕ್ಕೆ ಪೋಣಿಸಿಕೊಂಡರು.
"ಬಿಗಿ ಬಿಗಿ ಅಂತ ಹುಡುಗರಿಗೆ ಇಪ್ಪತ್ತು ವರ್ಷದಿಂದ
ಕೂಗ್ತಾ ಇದೀನಿ ಮಾಸ್ತರೆ," ಅಂದರು,
ಮುಂದೇನೂ ಹೇಳಲಿಲ್ಲ.
ಹಣ ಕೊಟ್ಟು ಹೋದರು.

ಆ ರಾತ್ರಿ ಅಂಗಡಿ ಮುಚ್ಚುವಾಗ
ಶಟರಿನ ಬೀಗ ತಿರುಗಲಿಲ್ಲ.
ಎಣ್ಣೆ ಕಂಡು ಎಷ್ಟು ವರ್ಷವಾಗಿತ್ತೋ.
ತಿಪ್ಪೇಶ ನನ್ನ ಮುಖ ನೋಡಲಿಲ್ಲ,
ಒಳಗೆ ಹೋಗಿ ಡಬ್ಬಿ ತಂದು
ಮೆಟ್ಟಿಲ ಮೇಲೆ ಇಟ್ಟು
ಗೋಡೆಗೆ ತಿರುಗಿ ನಿಂತು
ಹೆಗಲು ಕುಲುಕಿಸುತ್ತಿದ್ದ.